ಮಲಗಿದ ಹುಲ್ಲಿಗೆ ಹಸಿರು ಬಣ್ಣ: ಬೆನ್ನಿನ ಸ್ಪ್ರೇಯರ್, ಗನ್, ಇಲ್ಲಾ ತಳ್ಳುವ ಬೂಮ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಡ್ಡ ಪೈಪಿಗೆ ಸಾಲಾಗಿ ನಾಜಲ್ ಜೋಡಿಸಿದ ಗಾಡಿಗೆ, ಅಂದರೆ ತಳ್ಳುವ ಬೂಮ್‌ಗೆ. ಮೂರನ್ನೂ ಒಂದೇ ಮೈದಾನದಲ್ಲಿ ಬಳಸಿ ನೋಡಿದ್ದೇನೆ. ಅದರಲ್ಲಿ ಒಂದಕ್ಕೆ ದುಡ್ಡು ಸುಮ್ನೆ ಹಾಕಿದೆ.

ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿ ಕಡೆಗೆ ಹೋಗುವಾಗ ಸಿಗುವ ಒಂದು ಪುಟ್ಟ ಗಾಲ್ಫ್ ಅಭ್ಯಾಸದ ಮೈದಾನವನ್ನು ನಾನು ನೋಡಿಕೊಳ್ಳುತ್ತೇನೆ. 12 ಗುಂಟೆ ಬರ್ಮುಡಾ ಹುಲ್ಲು. ನಮ್ಮ ಗರಿಕೆಯ ಜಾತಿಯೇ ಅದು. ಜನವರಿಯಲ್ಲಿ ರಾತ್ರಿ ಚಳಿ, ಹಗಲು ಒಣಗಾಳಿ. ನೀರು ಕಡಿಮೆ ಮಾಡಿದರೆ ಹುಲ್ಲು ಬೆಳೆಯುವುದನ್ನು ನಿಲ್ಲಿಸಿ ರಾಗಿಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಸತ್ತಿರುವುದಿಲ್ಲ, ಬುಡದಲ್ಲಿ ಜೀವ ಇರುತ್ತದೆ. ಹುಲ್ಲು ಮಲಗಿದೆ ಅನ್ನುವುದು ಇದಕ್ಕೇ. ಸುತ್ತಮುತ್ತ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಪಕ್ಕದ ದ್ರಾಕ್ಷಿ ತೋಟಕ್ಕೇ ನೀರು ಸಾಲದಿರುವಾಗ ಆಟದ ಹುಲ್ಲಿಗೆ ಮೋಟರ್ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಅಮೆರಿಕದ ದಕ್ಷಿಣ ಭಾಗದ ಎಷ್ಟೋ ಗಾಲ್ಫ್ ಕೋರ್ಸ್‌ಗಳಲ್ಲಿ ಚಳಿಗಾಲಕ್ಕೆ ರೈಗ್ರಾಸ್ ಎಂಬ, ಚಳಿಯಲ್ಲೂ ಹಸಿರಾಗಿರುವ ಹುಲ್ಲಿನ ಬೀಜ ಚೆಲ್ಲಿ ನೀರುಣಿಸುವ ಬದಲು, ಮಲಗಿದ ಬರ್ಮುಡಾ ಮೇಲೆಯೇ ಬಣ್ಣ ಹೊಡೆಯುತ್ತಾರೆ. ನಾನೂ ಅದೇ ದಾರಿ ಹಿಡಿದೆ.

ಬಣ್ಣಕ್ಕೂ ಔಷಧಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಔಷಧಿ ಹೊಡೆಯುವಾಗ ಕೈ ಹೆಚ್ಚುಕಮ್ಮಿ ಆದರೆ ಯಾರಿಗೂ ಕಾಣುವುದಿಲ್ಲ. ಬಣ್ಣದಲ್ಲಿ ಪ್ರತಿ ತಪ್ಪೂ ತಿಂಗಳುಗಟ್ಟಲೆ ಕಣ್ಣೆದುರಿಗೇ ಇರುತ್ತದೆ. ಬೆಳೆಯದ ಹುಲ್ಲನ್ನು ಕತ್ತರಿಸುವ ಹಾಗೂ ಇಲ್ಲ ಅಲ್ವಾ?

ಮೊದಲು ಕೊಂಡಿದ್ದು 16 ಲೀಟರಿನ ಬ್ಯಾಟರಿ ಸ್ಪ್ರೇಯರ್. ಜತೆಗೆ ಬಂದ ನಾಜಲ್ ಕೋನ್ ಆಕಾರದಲ್ಲಿ ಹೊಡೆಯುವಂಥದ್ದು. ಗಿಡದ ಎಲೆಗೆ ಅದು ಒಳ್ಳೆಯದೇ. ಆದರೆ ಅದರ ನೀರು ಬಳೆಯ ಹಾಗೆ ಬೀಳುತ್ತದೆ, ಅಂಚಿನಲ್ಲಿ ಜಾಸ್ತಿ, ನಡುವೆ ಕಡಿಮೆ. ಸಮತಟ್ಟಾದ ಹುಲ್ಲಿನ ಮೇಲೆ ಬಳೆಬಳೆಯಾಗಿ ಕಲೆ ಉಳಿಯಿತು. ನಾಜಲ್ ಬದಲಾಯಿಸಿದರೂ ಕೈ ಬೀಸುವ ರೀತಿ ಬದಲಾಗಲಿಲ್ಲ. ಐದನೇ ಟ್ಯಾಂಕಿಗೆ ಭುಜ ಸೋತು ಕೈ ಕೆಳಗಿಳಿಯಿತು. ಕೈ ಇಳಿದಲ್ಲೆಲ್ಲ ಬಣ್ಣ ಗಾಢವಾಯಿತು.

ಗನ್ ಅಂದರೆ ತೋಟಕ್ಕೆ ಔಷಧಿ ಹೊಡೆಯುವ ಎಚ್‌ಟಿಪಿ ಎಂಬ ಜೋರು ಪ್ರೆಷರ್ ಪಂಪಿನದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದ್ರಾಕ್ಷಿ ತೋಟದ ಯಜಮಾನರು "ನಮ್ಮ ಎಚ್‌ಟಿಪಿ ತಗೊಂಡು ಹೋಗಿ ಸಾರ್, ಅರ್ಧ ಗಂಟೆ ಕೆಲಸ" ಎಂದು ಪ್ರೀತಿಯಿಂದ ಕೊಟ್ಟರು. ಕೆಲಸ ಬೇಗ ಆಯಿತು, ನಿಜ. ಆದರೆ ಆ ಪ್ರೆಷರ್‌ಗೆ ಬಣ್ಣ ಮಂಜಿನಂತಾಗಿ ಗಾಳಿಯಲ್ಲಿ ಹಾರಿತು. ನಡೆಯುವ ದಾರಿಯ ಬಿಳಿ ಕಲ್ಲುಗಳ ಮೇಲೆ ಆ ಹಸಿರು ಇನ್ನೂ ಇದೆ.

ಮೂರನೆಯದನ್ನು ನಾನೇ ಮಾಡಿಸಿದೆ. ಎರಡು ಸೈಕಲ್ ಚಕ್ರ, 50 ಲೀಟರ್ ಡ್ರಮ್ಮು, ಡಬಲ್ ಮೋಟರ್ ಪಂಪು. ಮುಂದೆ ಅಡ್ಡ ಪೈಪಿಗೆ 50 ಸೆಂಟಿಮೀಟರಿಗೊಂದರಂತೆ 4 ಫ್ಲಾಟ್ ಫ್ಯಾನ್ ನಾಜಲ್. ನೆಲದಿಂದ ಎತ್ತರವೂ 50 ಸೆಂಟಿಮೀಟರ್. ಈ ನಾಜಲ್‌ಗಳ ಹೊಡೆತ ಬೀಸಣಿಗೆಯಂತೆ, ಅಂಚಿಗೆ ಹೋದಂತೆ ತೆಳುವಾಗುತ್ತದೆ. ಹಾಗಾಗಿ ಒಂದರ ಅಂಚು ಇನ್ನೊಂದರ ಮೇಲೆ ಬಿದ್ದಾಗ ಎಲ್ಲೆಡೆ ಸಮ ಆಗುತ್ತದೆ. ವೆಲ್ಡಿಂಗ್ ಸೇರಿ 9 ಸಾವಿರ ಚಿಲ್ಲರೆ ಖರ್ಚಾಯಿತು.

ನಿಮಿಷಕ್ಕೆ 48 ಮೀಟರ್ ನಡೆದರೆ ಹೆಚ್ಚೂಕಡಿಮೆ ಒಂದು ಗುಂಟೆಗೆ 5 ಲೀಟರ್ ಬೀಳುತ್ತದೆ. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಗುಂಟೆಗೆ 10 ಲೀಟರ್ ಆಯಿತು. ಬಣ್ಣ ಒಂದು ಪಾಲು, ನೀರು ಹತ್ತು ಪಾಲು.

ಆದರೂ ಇದು ನನ್ನನ್ನು ಒಂದು ವಾರ ಕಾಡಿತು. ಮೊದಲ ದಿನ ಉದ್ದಕ್ಕೆ ಹೊಡೆದು ಮುಗಿಸಿ ನೆರಳಲ್ಲಿ ಕೂತಿದ್ದೆವು. ಬಣ್ಣ ಒಣಗುತ್ತಿದ್ದ ಹಾಗೆ ಜತೆಯ ಹುಡುಗ, "ಅಣ್ಣಾ, ಅಲ್ಲಿ ಗೆರೆ ಎಳೆದಂಗೆ ಕಾಣ್ತಿದೆ ನೋಡಿ" ಎಂದ. ಹೌದು. ಪ್ರತಿ ಎರಡು ಮೀಟರಿಗೆ ಒಂದು ಮಾಸಲು ಪಟ್ಟೆ, ಹಗ್ಗ ಹಿಡಿದು ಎಳೆದಷ್ಟು ನೇರ. ನನ್ನ ನಡಿಗೆ ತಪ್ಪಿತು ಅಂದುಕೊಂಡೆ. ಬೂಮ್ ಇಳಿಸಿದೆ, ಏರಿಸಿದೆ. ಪಟ್ಟೆ ಹೋಗಲಿಲ್ಲ.

ಕೊನೆಗೆ ಗಾಡಿ ನಿಲ್ಲಿಸಿ ನಾಲ್ಕು ನಾಜಲ್ ಕೆಳಗೂ ಬಾಟಲಿ ಹಿಡಿದೆವು. 30 ಸೆಕೆಂಡಿಗೆ ಮೂರರಲ್ಲಿ 600 ಮಿಲಿ ಬಂತು. ಬಲಗಡೆಯಿಂದ ಎರಡನೆಯದರಲ್ಲಿ 400 ಮಾತ್ರ. ಬಿಚ್ಚಿದರೆ ಜಾಲರಿಯ ಮೇಲೆ ಗೋರಂಟಿ ಕಲಸಿದಂಥ ಹಸಿರು ರಾಡಿ. ಈ ಬಣ್ಣದ ಪುಡಿ ನೀರಿನಲ್ಲಿ ಕರಗುವುದಿಲ್ಲ, ತೇಲುತ್ತಿರುತ್ತದೆ ಅಷ್ಟೇ. ಗಾಡಿ ಹತ್ತು ನಿಮಿಷ ನಿಂತರೂ ಡ್ರಮ್ಮಿನ ತಳಕ್ಕೆ ಇಳಿಯುತ್ತದೆ. ಮತ್ತೆ ಪಂಪು ಹಾಕಿದಾಗ ಆ ಗಟ್ಟಿಯೇ ಮೊದಲು ಪೈಪಿಗೆ ನುಗ್ಗುತ್ತದೆ.

ಈಗ ಪಂಪಿನಿಂದ ಒಂದು ಪೈಪನ್ನು ಮತ್ತೆ ಡ್ರಮ್ಮಿಗೇ ಬಿಟ್ಟಿದ್ದೇನೆ. ಹೊಡೆಯುತ್ತಿರುವಷ್ಟು ಹೊತ್ತೂ ಅದು ಒಳಗೆ ಕಲಕುತ್ತಲೇ ಇರುತ್ತದೆ. ಬಣ್ಣವನ್ನು ಹಳೆಯ ನೈಲಾನ್ ಸೀರೆಯಲ್ಲಿ ಸೋಸಿಯೇ ತುಂಬುತ್ತೇವೆ. ನಾಜಲ್ ಕಟ್ಟಿದರೆ ಪಿನ್ನು ಚುಚ್ಚಬೇಡಿ, ತೂತು ಅಗಲವಾದರೆ ಆ ನಾಜಲ್ ಕೆಟ್ಟ ಹಾಗೆಯೇ. ಹಲ್ಲುಜ್ಜುವ ಹಳೆಯ ಬ್ರಶ್ ಸಾಕು. ಪ್ರತಿ ಡ್ರಮ್ಮಿಗೂ ಮೊದಲು ಬಾಟಲಿ ಪರೀಕ್ಷೆ ಆಗಲೇಬೇಕು.

ಇಷ್ಟು ಕಾಟ ಕೊಟ್ಟರೂ ಬೂಮ್ ಯಾಕೆ ಇಷ್ಟ ಅಂದರೆ, ಅದರ ತಪ್ಪನ್ನು ಬಾಟಲಿಯಲ್ಲಿ ಅಳೆಯಬಹುದು. ಅಳೆದರೆ ಸರಿಮಾಡಬಹುದು. ನನ್ನ ತೋಳಿನ ತಪ್ಪನ್ನು ಯಾವ ಬಾಟಲಿಯಲ್ಲಿ ಹಿಡಿಯಲಿ?

ನಿಮ್ಮದು ಎರಡು ಗುಂಟೆ ಒಳಗಿನ ಲಾನ್ ಆದರೆ ಗಾಡಿಗೆ ದುಡ್ಡು ಹಾಕಬೇಡಿ. ಇರುವ ಬೆನ್ನಿನ ಸ್ಪ್ರೇಯರ್‌ಗೇ ಫ್ಲಾಟ್ ಫ್ಯಾನ್ ನಾಜಲ್ ಹಾಕಿ, ಕೈ ಬೀಸದೆ ನೇರ ಹಿಡಿದು ನಡೆಯಿರಿ. ಗನ್ ಮಾತ್ರ ತೋಟದಲ್ಲೇ ಇರಲಿ.

ಯಾವುದರಲ್ಲೇ ಹೊಡೆದರೂ ಇಬ್ಬನಿ ಆರಿರಬೇಕು, ಗಾಳಿ ಎದ್ದಿರಬಾರದು. ನಮ್ಮಲ್ಲಿ ಅದು ಬೆಳಿಗ್ಗೆ 9ರಿಂದ 11ರ ತನಕ. ಹುಲ್ಲು ಪೂರ್ತಿ ಒಣಗುವ ತನಕ ಕಾಯಬೇಡಿ. ಸ್ವಲ್ಪ ಹಸಿರು ಉಳಿದಿರುವಾಗಲೇ ಹೊಡೆದರೆ ಬಣ್ಣ ಕಡಿಮೆ ಸಾಕು, ನೋಡಲೂ ಸಹಜ. ಮುಗಿದ ತಕ್ಷಣ ಪಂಪಿನಲ್ಲಿ ಬರೀ ನೀರು ಓಡಿಸಿ ತೊಳೆಯಿರಿ. ಊಟ ಮಾಡಿ ಬಂದು ತೊಳೆಯೋಣ ಅಂದರೆ ಅಷ್ಟರಲ್ಲಿ ಬಣ್ಣದಲ್ಲಿರುವ ಅಂಟು ಒಳಗೇ ಗಟ್ಟಿಯಾಗಿರುತ್ತದೆ.