ಹಿಡನ್ ಡ್ರೈವರ್ ಕಂಡರೆ: ಸಹಿ ನೋಡೋದೋ, ಆಫ್‌ಲೈನ್ ಸ್ಕ್ಯಾನೋ, ಫಾರ್ಮ್ಯಾಟೋ?

ಕಂಪ್ಯೂಟರಿನಲ್ಲಿ ಹಿಡನ್ ಡ್ರೈವರ್ (ಮೆಮೊರಿಯಲ್ಲಿ ಓಡುತ್ತಿದ್ದರೂ ಡಿಸ್ಕ್‌ನಲ್ಲಿ ಫೈಲ್ ಕಾಣದ ಡ್ರೈವರ್) ಕಂಡರೆ ಏನು ಮಾಡಲಿ ಎಂದು ಕೇಳಿದ, ಕಲಬುರಗಿಯಲ್ಲಿ ಆನ್‌ಲೈನ್ ಸೆಂಟರ್ ನಡೆಸುವ ತಮ್ಮನಿಗೆ ಈ ಉತ್ತರ.

ಖರ್ಚಿನಲ್ಲಿ ಮೊದಲೆರಡೂ ಪುಕ್ಕಟೆ. ಫಾರ್ಮ್ಯಾಟ್‌ಗೆ ಅರ್ಧ ದಿನ ಬೇಕು. ಬ್ಯಾಕಪ್ ಇಲ್ಲದಿದ್ದರೆ ಲೆಕ್ಕಪತ್ರವೂ ಹೋಯಿತು.

ನಂಬಿಕೆಯ ಮಾತು ಬೇರೆ. ಹೆಸರು 'ಡಂಪ್' ಎಂದು ಶುರುವಾಗಿ ಡಿಸ್ಕ್‌ನಲ್ಲಿ ಫೈಲ್ ಸಿಗದಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ: ಕ್ರ್ಯಾಶ್ ಆದಾಗ ಮೆಮೊರಿಯನ್ನು ಬರೆದಿಡಲು ವಿಂಡೋಸ್ ಡಿಸ್ಕ್ ಡ್ರೈವರಿನ ನಕಲನ್ನು ಮೆಮೊರಿಯಲ್ಲಷ್ಟೇ ಇಟ್ಟುಕೊಂಡಿರುತ್ತದೆ. ಉಳಿದವಕ್ಕೆ ಡಿಜಿಟಲ್ ಸಹಿ, ಅಂದರೆ ಡ್ರೈವರ್ ಯಾವ ಕಂಪನಿಯದು ಎಂದು ತೋರಿಸುವ ಗುರುತು, ನೋಡು. ಆದರೆ ಸಹಿಯೊಂದೇ ಸಾಲದು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ವೈರಸ್ಸಿನ ಡ್ರೈವರ್‌ಗೆ ಚಿಪ್ ಕಂಪನಿ ರಿಯಲ್‌ಟೆಕ್‌ನಿಂದ ಕದ್ದ ಸಹಿ ಇತ್ತು. ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ ಕೂತ ರೂಟ್‌ಕಿಟ್ (ತನ್ನನ್ನು ಮರೆಮಾಡಿಕೊಳ್ಳುವ ದುಷ್ಟ ಪ್ರೋಗ್ರಾಂ), ಓಡುತ್ತಿರುವ ವಿಂಡೋಸ್‌ಗೇ ಸುಳ್ಳು ತೋರಿಸುತ್ತದೆ. ಆ ಅನುಮಾನವಿದ್ದರೆ ವಿಂಡೋಸ್ ಶುರುವಾಗುವ ಮೊದಲೇ ಓಡುವ ಡಿಫೆಂಡರ್ (ವಿಂಡೋಸ್‌ನದೇ ಆಂಟಿವೈರಸ್) ಆಫ್‌ಲೈನ್ ಸ್ಕ್ಯಾನೇ ಮೇಲು, ಸುಮಾರು 15 ನಿಮಿಷ.

ಜನರ ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ರೂಟ್‌ಕಿಟ್ ಖಚಿತವಾದರೆ ಮಾತ್ರ ಫಾರ್ಮ್ಯಾಟೇ ಮಾಡು. ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸು.