ಹಾಡಿನ ಪೆಟ್ಟಿಗೆಗೆ ಯಾವುದು ಸರಿ? ಹಳೇ ಡೆಸ್ಕ್‌ಟಾಪ್, ಹಳೇ ಲ್ಯಾಪ್‌ಟಾಪ್, ರಾಸ್ಪ್‌ಬೆರಿ ಪೈ: ಮೂರು ಮಳೆಗಾಲದ ಹೋಲಿಕೆ

ನಮ್ಮ ಮನೆ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ಒಳಗಿದೆ. ಮಳೆಗಾಲದಲ್ಲಿ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಕಂಬವೇ ಮಲಗಿದರೆ ನಾಲ್ಕು ದಿನ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಆಮೇಲೆ ಫೋನಿನ ಹಾಡಿನ ಆ್ಯಪ್‌ಗಳೆಲ್ಲ ಸುಮ್ನೆ ಚಕ್ರ ತಿರುಗಿಸಿಕೊಂಡು ಕೂರುತ್ತವೆ. ಇನ್ವರ್ಟರ್ ಇದೆ, ವೈಫೈ ಇದೆ, ಫೋನಿನಲ್ಲಿ ಚಾರ್ಜ್ ಇದೆ. ಹಾಡು ಮಾತ್ರ ಇಲ್ಲ.

ಹಾಡಿಗೆ ಬರ ಅಂತಲ್ಲ. ಅಪ್ಪನ ಹತ್ತಿರ ಸುಮಾರು 300 ಕ್ಯಾಸೆಟ್, 180 ಸಿಡಿ ಇವೆ. ಭಾವಗೀತೆ, ಕರ್ನಾಟಕ ಸಂಗೀತ, ಹಳೇ ಸಿನಿಮಾ ಹಾಡು, ಯಾರದೋ ಮದುವೆಯಲ್ಲಿ ರೆಕಾರ್ಡ್ ಮಾಡಿದ ವಾಲಗ. ಒಂದು ವರ್ಷ ಅಟ್ಟದಿಂದ ಟ್ರಂಕು ಇಳಿಸಿ ನೋಡಿದರೆ ಕ್ಯಾಸೆಟ್ಟಿನ ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಸುತ್ತಿಟ್ಟ ಟೇಪಿನ ಮೇಲೆ ಸಕ್ಕರೆಪುಡಿ ಉದುರಿಸಿದ ಹಾಗೆ ಕಾಣುತ್ತಿತ್ತು. ಅವತ್ತೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸೋದು ಅಂತ ತೀರ್ಮಾನವಾಯಿತು. ಕ್ಯಾಸೆಟ್ಟಿಗೆ ಆಡಾಸಿಟಿ, ಸಿಡಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಸಾಫ್ಟ್‌ವೇರ್. ಎಲ್ಲವೂ ಫ್ಲ್ಯಾಕ್ ಫೈಲ್‌ಗಳಾಗಿ. ಫ್ಲ್ಯಾಕ್‌ನಲ್ಲಿ ಸಿಡಿಯ ದನಿ ಒಂದಿಷ್ಟೂ ಕಳೆದುಹೋಗುವುದಿಲ್ಲ, ಜಾಗ ಮಾತ್ರ ಹೆಚ್ಚುಕಡಿಮೆ ಅರ್ಧ ಸಾಕು. 180 ಸಿಡಿ ಸೇರಿ 60 ಜಿಬಿ ಚಿಲ್ಲರೆ ಆಯಿತು. ಅಷ್ಟಕ್ಕೆ ದೊಡ್ಡ ಡಿಸ್ಕೇನೂ ಬೇಡ.

ಇನ್ನು ಉಳಿದದ್ದು, ಇದನ್ನೆಲ್ಲ ಯಾವ ಕಂಪ್ಯೂಟರಿನಲ್ಲಿ ಇಡೋದು ಅನ್ನೋದು. ಅದು ಹಗಲು ರಾತ್ರಿ ಆನ್ ಆಗಿರಬೇಕು. ಮನೆಯ ವೈಫೈ ಮೂಲಕ ಯಾರ ಫೋನಿಗಾದರೂ ಹಾಡು ಕೊಡಬೇಕು, ನಡುಮನೆಯ ಆ್ಯಂಪ್ಲಿಫೈಯರಿಗೂ ಕೊಡಬೇಕು. ಇಂಟರ್ನೆಟ್ ಇರಲಿ ಬಿಡಲಿ, ಅದಕ್ಕೆ ಸಂಬಂಧ ಇರಬಾರದು. ನಾನಿರೋದು ಮೈಸೂರಿನಲ್ಲಿ, ಊರಿಗೆ ಬರೋದು ಹದಿನೈದು ದಿನಕ್ಕೊಮ್ಮೆ. ಹಾಗಾಗಿ ದನಿ ಹೇಗಿದೆ ಅನ್ನುವುದಕ್ಕಿಂತ ನನಗೆ ಮುಖ್ಯವಾಗಿದ್ದು ಬೇರೆ. ಕರೆಂಟ್ ಹೋಗಿ ಬಂದಾಗ ಯಾರೂ ಮುಟ್ಟದೆ ಅದು ತಾನಾಗಿ ಏಳುತ್ತದಾ? ಅಪ್ಪನಿಗೆ 71.

ಮೊದಲ ಮಳೆಗಾಲ ಡೆಸ್ಕ್‌ಟಾಪ್‌ನದು. 2009ರಲ್ಲಿ ಜೋಡಿಸಿದ ಕೋರ್ 2 ಡ್ಯುವೋ ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು. ಡೆಬಿಯನ್ ಅನ್ನುವ ಲಿನಕ್ಸ್ ಓಎಸ್ ಹಾಕಿ, ಮಾನಿಟರ್ ಕಿತ್ತು, ಸಿಡಿಗಳನ್ನಿಟ್ಟಿದ್ದ ಮರದ ಬೀರುವಿನ ಕೆಳಗಿನ ಅರೆಯಲ್ಲಿ ಕೂರಿಸಿದೆ. ಖರ್ಚು ಏನೂ ಇಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಒಂದು ವ್ಯಾಟ್ ಮೀಟರ್ ತಂದು ನೋಡಿದೆ: ಸುಮ್ಮನಿದ್ದಾಗಲೇ 52 ವ್ಯಾಟ್. ಅಂದರೆ ತಿಂಗಳಿಗೆ 37 ಯೂನಿಟ್. ಹಾಡು ಕೇಳಲಿ, ಕೇಳದೇ ಇರಲಿ. ಇನ್ವರ್ಟರ್ ಮೇಲೆ ಇದನ್ನು ಓಡಿಸುವುದೆಂದರೆ ಕತ್ತಲಲ್ಲಿ ಕೂತು ಹಾಡು ಕೇಳಿದ ಹಾಗೆ. 12 ವೋಲ್ಟ್, 150 ಎಎಚ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಅದರಲ್ಲಿ ಇನ್ವರ್ಟರಿಗೇ ತನ್ನ ಹೊಟ್ಟೆಪಾಡಿದೆ, ಬ್ಯಾಟರಿಯೂ ಹಳತು. ಈ ಪೆಟ್ಟಿಗೆಯೊಂದೇ ದಿನಕ್ಕೆ 1,250ರಷ್ಟು ತಿನ್ನುತ್ತದೆ. ಅಮ್ಮ ಎರಡನೇ ದಿನವೇ ಪ್ಲಗ್ ಕಿತ್ತಿದ್ದರು.

ಅದನ್ನಾದರೂ ಸಹಿಸಬಹುದಿತ್ತು. ಡೆಸ್ಕ್‌ಟಾಪ್‌ಗಳ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಏಳುವ ಪುಟ್ಟ ಸಾಫ್ಟ್‌ವೇರ್‌ನಲ್ಲಿ, ಒಂದು ಒಳ್ಳೆಯ ಸೆಟ್ಟಿಂಗ್ ಇರುತ್ತದೆ. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗು ಅಂತ ಹೇಳಿಡಬಹುದು. ನಾನೂ ಹೇಳಿಟ್ಟಿದ್ದೆ. ಅರ್ಧ ಗಂಟೆ ಕರೆಂಟ್ ಹೋಗಿ ಬಂದರೆ ಸರಿಯಾಗಿಯೇ ಏಳುತ್ತಿತ್ತು. ಎರಡು ದಿನ ಹೋಗಿ ಬಂದರೆ ಮಾತ್ರ ಏಳುತ್ತಿರಲಿಲ್ಲ. ನನಗೆ ತಲೆಬುಡ ಗೊತ್ತಾಗಲಿಲ್ಲ. ಕೊನೆಗೆ ಅಪ್ಪನಿಗೆ ಫೋನ್ ಮಾಡಿ ಟಿವಿಯ ಕೇಬಲ್ ಅದಕ್ಕೆ ಸಿಕ್ಕಿಸಲು ಹೇಳಿದೆ.

"ಎಫ್ ಒನ್ ಒತ್ತು ಅಂತ ಬರ್ತಾ ಇದೆ."

"ಒತ್ತಿ ಅಪ್ಪ."

"ಒತ್ತಿದೆ. ಎಫ್ ಒತ್ತಿದೆ, ಒಂದೂ ಒತ್ತಿದೆ. ಏನೂ ಆಗ್ಲಿಲ್ಲ ಮಾರಾಯ."

ಮುಂದಿನ ಸಲ ಊರಿಗೆ ಹೋದಾಗ ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಗೋಡೆಯ ಕರೆಂಟ್ ಇರುವ ತನಕ ಬಯೋಸ್‌ಗೆ ಎಲ್ಲ ನೆನಪಿರುತ್ತದೆ. ಕರೆಂಟೂ ಇಲ್ಲ, ಬಿಲ್ಲೆಯೂ ಇಲ್ಲ ಅಂದರೆ ತಾರೀಖೂ ಮರೆತುಹೋಗುತ್ತದೆ, ನಾನು ಇಟ್ಟ ಸೆಟ್ಟಿಂಗೂ ಮರೆತುಹೋಗುತ್ತದೆ. ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಳೇ ಡೆಸ್ಕ್‌ಟಾಪ್ ಬಳಸುವವರು ಮೊದಲು ಅದನ್ನು ಬದಲಿಸಿ. ನಾನು ಬದಲಿಸುವಷ್ಟರಲ್ಲಿ ಆ ಮಳೆಗಾಲವೇ ಮುಗಿದಿತ್ತು.

ಎರಡನೇ ವರ್ಷ ಲ್ಯಾಪ್‌ಟಾಪ್. ಇದರ ಬಗ್ಗೆ ಎಲ್ಲರೂ ಹೇಳೋದು ಒಂದೇ ಮಾತು: ಬ್ಯಾಟರಿ ಇದೆಯಲ್ಲ, ಅದೇ ಯುಪಿಎಸ್. ನಾನೂ ಹಾಗೇ ಅಂದುಕೊಂಡೆ. 11 ವ್ಯಾಟ್, ತಿಂಗಳಿಗೆ 8 ಯೂನಿಟ್. ಫ್ಯಾನ್ ಸದ್ದೂ ಇಲ್ಲದ ಹಾಗೆ. ಮುಚ್ಚಳ ಮುಚ್ಚಿದರೂ ನಿದ್ದೆ ಮಾಡಬೇಡ ಅಂತ ಲಿನಕ್ಸ್‌ಗೆ ಹೇಳಿ ಪುಸ್ತಕದ ಹಾಗೆ ನಿಲ್ಲಿಸಿಟ್ಟರೆ ಜಾಗವೂ ಬೇಡ. ಆಗಾಗ ಕರೆಂಟ್ ಹೋಗಿ ಬರುವ ದಿನಗಳಲ್ಲಿ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಾಡು ನಡುವೆ ತುಂಡಾಗುವುದೂ ಇಲ್ಲ. ಮೈಸೂರು, ಮಂಗಳೂರಿನಂಥ ಊರಿನಲ್ಲಿ ಇದ್ದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ನಮ್ಮಲ್ಲಿ ಬ್ಯಾಟರಿ ಮುಗಿಯುತ್ತಿತ್ತು. ಮುಗಿದ ಮೇಲೆ ಕರೆಂಟ್ ಬಂದರೂ ಲ್ಯಾಪ್‌ಟಾಪ್ ಏಳುವುದಿಲ್ಲ. ಚಾರ್ಜ್ ಆಗುತ್ತಾ ಮಲಗಿರುತ್ತದೆ, ಯಾರಾದರೂ ಬಟನ್ ಒತ್ತಬೇಕು. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಚಾರ್ಜರ್ ಕರೆಂಟ್ ಬಂದಾಗ ಆನ್ ಆಗುವ ಆಯ್ಕೆ ಇದೆ. ನನ್ನದರಲ್ಲಿ ಇರಲಿಲ್ಲ. ಕೊಳ್ಳುವ ಮೊದಲು, ಅಥವಾ ಯಾರದೋ ಹಳೆಯದನ್ನು ಇಸಕೊಳ್ಳುವ ಮೊದಲು, ಇದೊಂದನ್ನು ನೋಡಿಕೊಳ್ಳಿ. ಇನ್ನೊಂದು ತೊಂದರೆ ಅಕ್ಟೋಬರ್‌ನಲ್ಲಿ ಕಂಡಿತು. ಟಚ್‌ಪ್ಯಾಡ್ ಒಂದು ಕಡೆ ಮೇಲೆದ್ದಿತ್ತು. ಒತ್ತಿದರೆ ಹಪ್ಪಳದ ಹಾಗೆ ಪುಟಿಯುತ್ತಿತ್ತು. ವರ್ಷವಿಡೀ ಚಾರ್ಜರ್‌ನಲ್ಲೇ ಇದ್ದ ಹಳೇ ಬ್ಯಾಟರಿ ಒಳಗೆ ಊದಿಕೊಂಡಿದೆ. ಲಿಥಿಯಂ ಬ್ಯಾಟರಿ ಊದಿದರೆ ಅದರ ಜೊತೆ ಆಟ ಬೇಡ. ಅವತ್ತೇ ತೆಗೆಸಿದೆ. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಅಂದರೆ ತಾನಾಗಿ ಏಳಲೂ ಬಾರದ ಡೆಸ್ಕ್‌ಟಾಪ್, ಅಷ್ಟೇ.

ಮೂರನೆಯದು ರಾಸ್ಪ್‌ಬೆರಿ ಪೈ 4, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್. ಇಸ್ಪೀಟ್ ಪ್ಯಾಕಿನಷ್ಟು ಗಾತ್ರ. ಬಟನ್ನೇ ಇಲ್ಲ. ಕರೆಂಟ್ ಕೊಟ್ಟರೆ ಏಳುತ್ತದೆ, ಕಿತ್ತರೆ ಮಲಗುತ್ತದೆ. ನನಗೆ ಬೇಕಿದ್ದ ಗುಣ ಹುಟ್ಟಿನಿಂದಲೇ ಇದೆ. ಹಾಡು ಇಟ್ಟ ಎಸ್‌ಎಸ್‌ಡಿ ಡಿಸ್ಕೂ ಸೇರಿ 5 ವ್ಯಾಟ್. ತಿಂಗಳಿಗೆ ನಾಲ್ಕು ಯೂನಿಟ್ಟೂ ಇಲ್ಲ. ಪೈ, ಅಡಾಪ್ಟರ್, ಡಬ್ಬಿ, ಎಸ್‌ಎಸ್‌ಡಿ, ಯುಎಸ್‌ಬಿ ಡ್ಯಾಕ್ (ಹಾಡಿನ ಫೈಲನ್ನು ಆ್ಯಂಪ್ಲಿಫೈಯರಿಗೆ ಬೇಕಾದ ದನಿಯಾಗಿ ಬದಲಿಸುವ ಸಾಧನ) ಎಲ್ಲ ಸೇರಿ ನನಗೆ 11,000 ರೂಪಾಯಿ ಹತ್ತಿರ ಬಿತ್ತು. ಉಳಿದೆರಡು ಪುಕ್ಕಟೆ ಅನ್ನೋದು ನೆನಪಿರಲಿ.

ಇದೂ ಮೊದಲು ಕೈ ಕೊಟ್ಟಿತು. ಎಸ್‌ಡಿ ಕಾರ್ಡಿನಲ್ಲಿ ಮಾಮೂಲಿ ರಾಸ್ಪ್‌ಬೆರಿ ಪೈ ಓಎಸ್ ಹಾಕಿದ್ದೆ. ಕಾರ್ಡಿಗೆ ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಬರೆದದ್ದು ಅರ್ಧಕ್ಕೆ ನಿಂತು ಕಾರ್ಡೇ ಕೆಡಬಹುದು. ನಾಲ್ಕನೇ ಸಲಕ್ಕೆ ಹಾಗೇ ಆಯಿತು. ಪವರ್ ಬ್ಯಾಂಕ್ ನಡುವೆ ಇಟ್ಟು ನೋಡಿದೆ. ಗೋಡೆಯಿಂದ ಬ್ಯಾಟರಿಗೆ ಬದಲಾಗುವಾಗ ನನ್ನ ಪವರ್ ಬ್ಯಾಂಕ್ ಒಂದು ಕ್ಷಣ ಕರೆಂಟ್ ಕೊಡುವುದನ್ನೇ ನಿಲ್ಲಿಸುತ್ತದೆ. ಫೋನಿಗೆ ಅದು ಗೊತ್ತೇ ಆಗಲ್ಲ, ಪೈಗೆ ಅದೇ ಸಾವು. ಫೋನ್ ಚಾರ್ಜರ್ ಹಾಕುವುದೂ ಬೇಡ. ವೋಲ್ಟೇಜ್ ಸಾಲದೆ ತಡವರಿಸುತ್ತದೆ. ಅದಕ್ಕೆಂದೇ ಮಾಡಿದ 5.1 ವೋಲ್ಟ್, 3 ಆಂಪ್ ಅಡಾಪ್ಟರನ್ನೇ ಕೊಳ್ಳಿ.

ಪರಿಹಾರ ಸಿಕ್ಕಿದ್ದು ಪೈಕೋರ್‌ಪ್ಲೇಯರ್ ಅನ್ನುವ ಪುಟ್ಟ ಓಎಸ್‌ನಲ್ಲಿ. ಆನ್ ಆಗುವಾಗ ಅದು ಕಾರ್ಡಿನಿಂದ ಪೂರ್ತಿಯಾಗಿ ರ್‍ಯಾಮ್‌ಗೆ ಬಂದು ಕೂರುತ್ತದೆ. ನಾವಾಗಿ ಸೇವ್ ಮಾಡು ಅನ್ನುವ ತನಕ ಕಾರ್ಡಿನ ಗೊಡವೆಗೆ ಹೋಗುವುದಿಲ್ಲ. ಹಾಡಿನ ಡಿಸ್ಕಿಗೂ ಓದುವ ಕೆಲಸವೇ ಜಾಸ್ತಿ. ಹಾಕಿದ ಮೇಲೆ ಒಂದು ಪೂರ್ತಿ ಮಳೆಗಾಲ ಕಳೆದಿದೆ, ಕಾರ್ಡ್ ಕೆಟ್ಟಿಲ್ಲ. ಪೈ 4ರ ಹೆಡ್‌ಫೋನ್ ತೂತಿನಿಂದ ಬರುವ ದನಿ ಮಾತ್ರ ಸುಮಾರು, ಹಿಂದೆ ಸುಯ್ ಅನ್ನುತ್ತಿರುತ್ತದೆ. ಅದಕ್ಕೇ ಯುಎಸ್‌ಬಿ ಡ್ಯಾಕ್. ಪೈ 5ರಲ್ಲಿ ಆ ತೂತೇ ಇಲ್ಲ.

ಮನೆಯ ಫೋನುಗಳಿಗೆಲ್ಲ ಹಾಡು ಹಂಚುವ ಸರ್ವರ್ ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ ಪೈಪೋಟಿ ಇನ್ನೂ ಮಜವಾಗಿದೆ. ಜೆಲ್ಲಿಫಿನ್ ಬೇಗ ಮುಗಿಸುತ್ತೇನೆ. ಅದು 2018ರ ಕೊನೆಯಲ್ಲಿ ಎಂಬಿ (Emby) ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು. ಸಿನಿಮಾ, ಸೀರಿಯಲ್ ಇಟ್ಟುಕೊಂಡವರಿಗೆ ಚೆನ್ನ. ಹಾಡಿಗೆ ಅಲ್ಲಿ ಹಿಂದಿನ ಬೆಂಚು. ನನ್ನ 2 ಜಿಬಿ ಡೆಸ್ಕ್‌ಟಾಪಿಗೆ ಭಾರವೂ ಆಯಿತು.

ನ್ಯಾವಿಡ್ರೋಮ್ ನನಗೆ ತುಂಬಾ ಇಷ್ಟ. ಹಗುರ, ಚುರುಕು, ನೋಡಲು ಚೆಂದ. ಸಬ್‌ಸಾನಿಕ್ ಅನ್ನುವ ಹಾಡಿನ ಸರ್ವರ್‌ಗಳ ಭಾಷೆ ಬಲ್ಲ ಯಾವ ಫೋನ್ ಆ್ಯಪ್ ಆದರೂ ಇದರ ಜೊತೆ ಮಾತಾಡುತ್ತದೆ. ಬೇಕಾದ ಆಲ್ಬಂ ಫೋನಿಗೇ ಇಳಿಸಿಕೊಂಡು ತೋಟಕ್ಕೆ ಹೋಗಬಹುದು. ಆದರೆ ಅದು ಫೋಲ್ಡರ್ ನೋಡುವುದಿಲ್ಲ, ಟ್ಯಾಗ್ ನೋಡುತ್ತದೆ. ಹಾಡಿನ ಫೈಲಿನ ಒಳಗೆ ಬರೆದಿರುವ ಗಾಯಕ, ಆಲ್ಬಂ, ವರ್ಷ ಇವೇ ಅದಕ್ಕೆ ವೇದ. ನಮ್ಮ ಮನೆಯ ಗೋಳು ಶುರುವಾಗಿದ್ದು ಅಲ್ಲೇ.

ಅಪ್ಪನ ಗೆಳೆಯರು ಪೆನ್ ಡ್ರೈವ್‌ನಲ್ಲಿ ಕೊಟ್ಟ ಹಳೇ ಎಂಪಿ3ಗಳಿದ್ದವು. ಟ್ಯಾಗ್‌ಗಳನ್ನು ಯಾರೋ ಪುಣ್ಯಾತ್ಮರು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲದ, ಹಳೇ ನುಡಿ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದಾರೆ. ನ್ಯಾವಿಡ್ರೋಮ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನ ಇದ್ದಲ್ಲೆಲ್ಲ ಪೌಂಡ್ ಚಿಹ್ನೆ! ಒಂದು ಆಲ್ಬಂ ನೋಡಿದರೆ ಲಂಡನ್‌ನ ದಿನಸಿ ಅಂಗಡಿ ಬಿಲ್ಲಿನ ಹಾಗೆ ಕಾಣುತ್ತಿತ್ತು. ಅದನ್ನೆಲ್ಲ ಯೂನಿಕೋಡ್‌ಗೆ ಬದಲಿಸಿ ಎಂಪಿ3ಟ್ಯಾಗ್‌ನಲ್ಲಿ ಸರಿಪಡಿಸಲು ನನಗೆ ಎರಡು ತಿಂಗಳ ಶನಿವಾರಗಳು ಹೋದವು. ಅದಾದ ಮೇಲೂ ಕಾಳಿಂಗರಾವ್ ನಮ್ಮ ಮನೆಯಲ್ಲಿ ಮೂವರು: ಪಿ. ಕಾಳಿಂಗರಾವ್ ಒಬ್ಬರು, ಕಾಳಿಂಗ ರಾವ್ ಇನ್ನೊಬ್ಬರು, ಇಂಗ್ಲಿಷಿನವರು ಮತ್ತೊಬ್ಬರು. ನಡುವೆ ಒಂದು ಜಾಗ ಬಿಟ್ಟರೂ ಕಂಪ್ಯೂಟರಿಗೆ ಬೇರೆ ಮನುಷ್ಯ.

ಅಪ್ಪನಿಗೆ ಇದ್ಯಾವುದೂ ಬೇಕಿಲ್ಲ. ಅವರ ತಲೆಯಲ್ಲಿರೋದು ಟ್ರಂಕಿನ ನಕ್ಷೆ. "ಬೆಳಗ್ಗಿನ ಹಾಡು", "ಮದುವೆ ವಾಲಗ", "ಚಿಕ್ಕಪ್ಪ ಕೊಟ್ಟಿದ್ದು". ಫೋಲ್ಡರ್‌ಗಳಿಗೆ ಅದೇ ಹೆಸರು ಇಟ್ಟಿದ್ದೆ. ಅದನ್ನು ಹಾಗೇ ತೋರಿಸುವುದು ಲಿರಿಯನ್ ಮ್ಯೂಸಿಕ್ ಸರ್ವರ್. ಮುಖ ನೋಡಿದರೆ ಹಳೇ ಕಾಲದ್ದು ಅಂತ ಗೊತ್ತಾಗುತ್ತದೆ, ಹೌದು. ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ ತನ್ನ ಸ್ಕ್ವೀಜ್‌ಬಾಕ್ಸ್ ಪ್ಲೇಯರ್‌ಗಳಿಗೆಂದು ಮಾಡಿದ್ದು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು, 2012ರಲ್ಲಿ ಸ್ಕ್ವೀಜ್‌ಬಾಕ್ಸ್ ನಿಂತಿತು. ಸಾಫ್ಟ್‌ವೇರ್ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತಿದ್ದಬಹುದಾದದ್ದು ಆಗಿದ್ದರಿಂದ ಬಳಸುವವರೇ ಸಾಕಿಕೊಂಡರು. 2024ರಲ್ಲಿ ಲಿರಿಯನ್ ಅಂತ ಹೆಸರಿಟ್ಟರು. ಪೈಕೋರ್‌ಪ್ಲೇಯರ್ ಒಳಗೇ ಒಂದು ಬಟನ್ ಒತ್ತಿದರೆ ಇದು ಕೂರುತ್ತದೆ. ಸರ್ವರ್ ಕೂಡ ಅದೇ, ಆ್ಯಂಪ್ಲಿಫೈಯರಿಗೆ ಹಾಡುವುದೂ ಅದೇ ಪೆಟ್ಟಿಗೆ. ಅಡುಗೆಮನೆಯಲ್ಲಿ ಹಳೇ ಫೋನೊಂದಕ್ಕೆ ಸ್ಪೀಕರ್ ಸಿಕ್ಕಿಸಿಟ್ಟಿದ್ದೇವೆ. ಅಲ್ಲೂ ಇಲ್ಲೂ ಒಟ್ಟಿಗೆ ಒಂದೇ ಹಾಡು ಬರುವಂತೆ ಮಾಡಬಹುದು.

ನ್ಯಾವಿಡ್ರೋಮ್ ನನ್ನ ಮೈಸೂರಿನ ಮನೆಯಲ್ಲಿದೆ. ಹಾಡುಗಳ ಇನ್ನೊಂದು ಪ್ರತಿಯೂ ಅಲ್ಲೇ.

ಪೈ ಗೆದ್ದಿತು ಅಂತ ಬರೆಯುವ ಮೊದಲು ಒಂದು ಲೆಕ್ಕ ಬಾಕಿ ಇದೆ. ಮಳೆಗಾಲದಲ್ಲಿ ಬಟ್ಟೆ ಬೀರುವಿನೊಳಗೆ ಜೀರೋ ಬಲ್ಬ್ ಉರಿಸಿಡುವುದು ನಮ್ಮ ಕಡೆಯ ರೂಢಿ, ಬೂಷ್ಟು ಹಿಡಿಯಬಾರದು ಅಂತ. ಡೆಸ್ಕ್‌ಟಾಪ್ ಇದ್ದ ವರ್ಷ ಸಿಡಿ ಬೀರುವಿಗೆ ಆ ಬಲ್ಬೇ ಬೇಕಿರಲಿಲ್ಲ. 52 ವ್ಯಾಟ್ ಬಿಸಿಗೆ ಒಳಗಿನ ಸಿಡಿ ಕವರ್‌ಗಳೆಲ್ಲ ಹಪ್ಪಳದಂತೆ ಗರಿಗರಿ. ಪೈ ಬಂದ ವರ್ಷ ಜುಲೈನಲ್ಲಿ ಬಾಗಿಲು ತೆರೆದರೆ ಅದೇ ಹಳೇ ವಾಸನೆ. ಜೀರೋ ಬಲ್ಬ್ ಅಂತ ಹೆಸರೇ ಹೊರತು ಅದೂ 15 ವ್ಯಾಟ್ ತಿನ್ನುತ್ತದೆ. ಹಾಗಾಗಿ ಮಳೆಗಾಲದ ಮಟ್ಟಿಗೆ ನಮ್ಮ ಪೈ 5 ವ್ಯಾಟ್ ಅಲ್ಲ, 20. ಆದರೂ ಡೆಸ್ಕ್‌ಟಾಪಿನ ಅರ್ಧಕ್ಕಿಂತ ಕಡಿಮೆ. ಇನ್ನು ಏಪ್ರಿಲ್, ಮೇ ಗುಡುಗು ಮಳೆಗೆ ಯಾವುದೇ ಇರಲಿ, ಪ್ಲಗ್ ಕಿತ್ತಿಡಲೇಬೇಕು.

ಕಳೆದ ವರ್ಷ ಆಶ್ಲೇಷ ಮಳೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಇನ್ವರ್ಟರೂ ಮಲಗಿತ್ತು. ನಾನೂ ಊರಲ್ಲೇ ಇದ್ದೆ. ರಾತ್ರಿ ಎರಡೂವರೆಗೆ ನಡುಮನೆಯಲ್ಲಿ ಒಮ್ಮೆಲೇ ನಾದಸ್ವರ! ಲಿರಿಯನ್‌ನಲ್ಲಿ ಕರೆಂಟ್ ಬಂದಾಗ ನಿಂತ ಹಾಡನ್ನೇ ಮುಂದುವರಿಸು ಅನ್ನುವ ಸೆಟ್ಟಿಂಗ್ ಇದೆ. ನಾನದನ್ನು ಹಾಕಿಟ್ಟಿದ್ದು ಮರೆತೇ ಹೋಗಿತ್ತು. ಆ್ಯಂಪ್ಲಿಫೈಯರಿನ ಸ್ವಿಚ್ಚೂ ಆನ್ ಇತ್ತು. ಎದ್ದು ಓಡಿ ಬಂದು ಫೋನಿನಲ್ಲಿ ಆ ಸೆಟ್ಟಿಂಗ್ ತೆಗೆಯಲು ಹೊರಟೆ. ಅಪ್ಪ ಆಗಲೇ ಟಾರ್ಚ್ ಹಿಡಿದು ಹಿಂದಿನ ಬಾಗಿಲ ಹತ್ತಿರ ಇದ್ದರು.

"ಅದು ಹಾಗೇ ಇರ್ಲಿ ಬಿಡು. ಕರೆಂಟ್ ಬಂತು ಅಂತ ಗೊತ್ತಾಯ್ತಲ್ಲ. ಟ್ಯಾಂಕ್ ಖಾಲಿ ಇದೆ, ಮೋಟರ್ ಹಾಕಿ ಬರ್ತೀನಿ."