ಫಿಶ್‌ಬ್ಯಾಂಕ್ಸ್ ಆಡಿಸೋದಾ, ಎನ್-ರೋಡ್ಸ್ ಆಡಿಸೋದಾ?

ಪುಣೆಯಲ್ಲಿ ಬಿಬಿಎ ಮಕ್ಕಳಿಗೆ ಪಾಠ ಮಾಡುವ ನಮ್ಮ ಕನ್ನಡದ ಮೇಷ್ಟ್ರುಗಳು ಇದನ್ನೇ ಕೇಳುತ್ತಾರೆ: ಸುಸ್ಥಿರತೆ ಕಲಿಸಲು ಯಾವ ಆಟ ಒಳ್ಳೆಯದು?

ನನ್ನ ಓಟು ಫಿಶ್‌ಬ್ಯಾಂಕ್ಸ್‌ಗೆ. ಇದನ್ನು ರೂಪಿಸಿದವರು ಅಮೆರಿಕದ ವಿಜ್ಞಾನಿ ಡೆನ್ನಿಸ್ ಮೆಡೋಸ್. ಒಂದೊಂದು ತಂಡವೂ ಒಂದು ಮೀನುಗಾರಿಕೆ ಕಂಪನಿ. ಹಡಗು ಕೊಳ್ಳಬೇಕು, ಆಳಸಮುದ್ರಕ್ಕೋ ದಡದ ಹತ್ತಿರಕ್ಕೋ ಕಳಿಸಬೇಕು, ಲಾಭ ಎಣಿಸಬೇಕು. ಮೊದಲ ಕೆಲವು ಸುತ್ತು ಎಲ್ಲರೂ ಖುಷಿ. ಆಮೇಲೆ ಬಲೆಗೆ ಮೀನೇ ಬೀಳುವುದಿಲ್ಲ. 'ಮೊದಲು ಅವರು ನಿಲ್ಲಿಸಲಿ, ಆಮೇಲೆ ನಾವು' ಎಂಬ ಜಗಳ ಶುರುವಾಗುತ್ತದಲ್ಲ, ಪಾಠ ಇರುವುದೇ ಅಲ್ಲಿ. ಮುಂಬೈಯ ಕೋಲಿ ಸಮುದಾಯದ ಮೀನುಗಾರರ ಮಾತು ಎತ್ತಲು ಅದೇ ಸಮಯ. ಆದರೆ ಎರಡು ಮೂರು ಗಂಟೆ ಬೇಕು. ಒಂದೇ ಪೀರಿಯಡ್‌ನಲ್ಲಿ ಆಗುವ ಕೆಲಸವಲ್ಲ.

ಎನ್-ರೋಡ್ಸ್ ಹವಾಮಾನ ಬದಲಾವಣೆಯ ಸಿಮ್ಯುಲೇಟರ್. ಇದನ್ನು ಕ್ಲೈಮೇಟ್ ಇಂಟರಾಕ್ಟಿವ್ ಎಂಬ ಸಂಸ್ಥೆ ಮತ್ತು ಅಮೆರಿಕದ ಎಂಐಟಿಯ ಮ್ಯಾನೇಜ್‌ಮೆಂಟ್ ಶಾಲೆ ಸ್ಲೋನ್ ಸೇರಿ ಮಾಡಿವೆ. ಬ್ರೌಸರ್‌ನಲ್ಲೇ ಓಡುತ್ತದೆ, ದುಡ್ಡು ಕೊಡಬೇಕಿಲ್ಲ. ಕಾರ್ಬನ್‌ ಹೊರಬಿಡುವುದಕ್ಕೆ ತೆರಬೇಕಾದ ಬೆಲೆ ಜಾಸ್ತಿ ಮಾಡಿದರೆ 2100ರ ಹೊತ್ತಿಗೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂದು ತಕ್ಷಣ ತೋರಿಸುತ್ತದೆ. ಹೊತ್ತು ಕಡಿಮೆಯಿದ್ದರೆ ಇದೇ ಸರಿ. ಸುಮ್ನೆ ಸ್ಲೈಡರ್ ಎಳೆದಾಡಲು ಬಿಡಬೇಡಿ. ಒಬ್ಬರಿಗೆ ತೈಲ ಕಂಪನಿ, ಇನ್ನೊಬ್ಬರಿಗೆ ಸರ್ಕಾರದ ಪಾತ್ರ ಕೊಡಿ.